ಪರಿಚಯದ ಕೊನೆಯ ಸಾಲು

ಆರು ವರ್ಷ ಏನನ್ನೂ ಬರೆಯದಿದ್ದ ಅಮೆರಿಕದ ಕವಯಿತ್ರಿಯೊಬ್ಬಳು ತನ್ನ ಐದನೆಯ ಸಂಕಲನದ ಹಸ್ತಪ್ರತಿಯನ್ನು ತನ್ನ ಪುಸ್ತಕಗಳ ಸಂಪಾದಕನಿಗೆ ಕಳಿಸಿದ್ದಳು. ನಲವತ್ತು ಶೋಕಗೀತೆಗಳು. ಒಂದರಲ್ಲೂ ಹೆಸರಿಲ್ಲ, ಬರೀ 'ನೀನು'. ಕಾರಿನ ಸದ್ದಿಗೆ ಬಾಗಿಲಿಗೆ ಓಡಿಬರುತ್ತಿದ್ದ ನೀನು, ಹಿಮದಲ್ಲಿ ಉರುಳಾಡುತ್ತಿದ್ದ ನೀನು, ಕಿಟಕಿಯ ಪಕ್ಕ ನಿನ್ನ ಕೆಂಪು ಕಂಬಳಿ. ಅವಳ ಮನೆಯಲ್ಲೊಂದು ಮುದಿ ನಾಯಿಯಿದ್ದದ್ದು ಸಂಪಾದಕನಿಗೆ ಗೊತ್ತಿತ್ತು. ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಫೋನು ಮಾಡಿದ.

"ನಾಯಿ ಮೇಲೆ ಇಂಥ ಪದ್ಯಗಳನ್ನ ನಾನಂತೂ ಓದಿರಲಿಲ್ಲ. ಅತ್ತುಬಿಟ್ಟೆ. ಈ ಸಲದ ಪ್ರಶಸ್ತಿ ನಿಮಗೇ, ಬರೆದಿಟ್ಕೊಳ್ಳಿ."

ಆ ಕಡೆ ಅವಳು ಕುರ್ಚಿ ಎಳೆದು ಕೂತ ಸದ್ದು ಕೇಳಿಸಿತು.

"ಮುಖಪುಟಕ್ಕೆ ಅದರದೊಂದು ಫೋಟೋ ಕಳಿಸ್ತೀರಾ?"

"ಫೋಟೋ ಬೇಡ."

"ಅರ್ಥ ಆಗುತ್ತೆ, ನೋಡೋಕೂ ಕಷ್ಟ. ಆದ್ರೂ ಹದಿನಾಲ್ಕು ಚಳಿಗಾಲ ಜೊತೆಗಿದ್ದೆ ಅಂತ ಬರೆದಿದೀರಲ್ಲ, ಅಷ್ಟಕ್ಕೆ ಸಮಾಧಾನ ಮಾಡ್ಕೊಳ್ಳಿ. ಹದಿನಾಲ್ಕು ಅಂದ್ರೆ ತುಂಬು ಆಯಸ್ಸೇ."

"ಹೂಂ."

"ಇನ್ನೊಂದೇ ಕೆಲಸ. ಹಿಂದಿನ ಪುಸ್ತಕದಲ್ಲಿ ನಿಮ್ಮ ಪರಿಚಯದ ಕೊನೇಲಿ 'ಮಗಳು ಮತ್ತು ನಾಯಿಯೊಂದಿಗೆ ಮೇಯ್ನ್ ರಾಜ್ಯದಲ್ಲಿ ವಾಸ' ಅಂತಿದೆ. ಈಗ ನಾಯೀನ ತೆಗೆದು 'ಮಗಳೊಂದಿಗೆ ವಾಸ' ಅಂತ ಮಾಡಿದೀನಿ. ಸರಿ ತಾನೆ?"

ಅಷ್ಟರಲ್ಲಿ ಅವಳ ಮನೆಯ ಬಾಗಿಲನ್ನು ಯಾರೋ ತಟ್ಟಿದರು. ಮರದ ನೆಲದ ಮೇಲೆ ಉಗುರುಗಳ ಸದ್ದು ಮಾಡುತ್ತ, ಬೊಗಳುತ್ತ ಒಂದು ನಾಯಿ ಬಾಗಿಲ ಕಡೆ ಓಡಿದ್ದು ಫೋನಿನಲ್ಲಿ ಕೇಳಿಸಿತು.

"ಅವಳಲ್ಲ ಕಣೋ," ಎಂದಳು ಕವಯಿತ್ರಿ, ಫೋನಿನಿಂದ ಮುಖ ತಿರುಗಿಸಿ. "ಪೋಸ್ಟಿನವನು. ಬಾ, ಮಲಕ್ಕೋ."