ಯಾವ ಹೋಬಳಿ?

ಆ ಬೆಳಗ್ಗೆ ಮಂಜು ಕರಗಿ ಡಚ್ಚರ ನಾಡಿನ ಪುಟ್ಟ ಊರು ಡೀಮೆನ್‌ಗೆ ಎಳೆಬಿಸಿಲು ಇಳಿದಿತ್ತು. ಆದರೂ ಲಿಫ್ಟಿನಲ್ಲಿ ಪಕ್ಕದ ಮನೆಯ ಕಾಂಗೋದ ಮಡ್ಲೆನ್ ಮುಖ ತಿರುಗಿಸಿಯೇ ನಿಂತಿದ್ದಳು. ಸತ್ಯನಾರಾಯಣ ಪೂಜೆಗೆ ಬಂದವರಿಗೆಲ್ಲ ರುಕ್ಮಿಣಿ ಅವಳನ್ನು "ಆಫ್ರಿಕಾದವಳು" ಎಂದಷ್ಟೇ ಪರಿಚಯಿಸಿದ್ದಳು. ಅಂದಿನಿಂದ ಮಾತಿಲ್ಲ, ಅವಳು ಪ್ರಸಾದ ಒಯ್ದ ಡಬ್ಬಿಯೂ ವಾಪಸ್ ಬಂದಿಲ್ಲ. ದೇವರೆದುರೇ ಗೆಳತಿಯನ್ನು ನೋಯಿಸಿದೆನಲ್ಲ ಎಂದುಕೊಂಡು ರುಕ್ಮಿಣಿ ಅವಳತ್ತ ತಿರುಗಿದಳು.

"ತಪ್ಪಾಯ್ತು ಕಣೇ. ಊರು ಅಂದ್ರೆ ನಾವು ಹೋಬಳಿವರೆಗೂ ಕೇಳೋರು, ನಿನ್ನ ಕೇಳ್ಲೇ ಇಲ್ಲ."

"ಹೋಬಳಿ ಅಂದ್ರೆ?"

"ಜಿಲ್ಲೆ ಒಳಗೆ ತಾಲ್ಲೂಕು, ತಾಲ್ಲೂಕೊಳಗೆ ಹೋಬಳಿ."

ಮಡ್ಲೆನ್ ಗಕ್ಕನೆ ತಿರುಗಿದಳು. "ನಮ್ಮಲ್ಲೂ ಹಾಗೇ! ಎಕ್ವಾಟರ್ ಪ್ರಾಂತ್ಯ, ಬಿಕೊರೊ ತಾಲ್ಲೂಕು, ಎಲಾಂಗಾ ಹೋಬಳಿ. ಬಾಯಿಪಾಠ ಮಾಡ್ಕೋ!"

ಇಬ್ಬರೂ ನಕ್ಕರು. ಲಿಫ್ಟು ನಿಂತಾಗ ಮಡ್ಲೆನ್ ಚೀಲದಿಂದ ಡಬ್ಬಿ ತೆಗೆದು ಮೆಲ್ಲಗೆ ಅವಳ ಕೈಗಿಟ್ಟಳು. ಡಬ್ಬಿ ಖಾಲಿ ಇರಲಿಲ್ಲ. ಒಳಗಿದ್ದ ಕರಿದ ಬಾಳೆಹಣ್ಣು ಇನ್ನೂ ಬಿಸಿಯಾಗಿತ್ತು.