ಕೌದಿಯ ನಾಲ್ಕು ಹೂವು

ಇದನ್ನು ಓದಲು ನಿಮಗೆ ಮೂರು ನಿಮಿಷ ಸಾಕು… ಕಲಿಯಲು ನನಗೆ ಇಪ್ಪತ್ತಾರು ವರ್ಷದ ಸರ್ವಿಸ್ ಬೇಕಾಯಿತು.

ನಾನು ಒಂದು ಡಿಸೈನ್ ಕಾಲೇಜಿನಲ್ಲಿ ಟೀಚರ್ ಆಗಿದ್ದೆ. ಈಗ ರಿಟೈರ್ ಆಗಿದ್ದೇನೆ, ಪಾಠ ಮಾಡುವ ಚಟ ಮಾತ್ರ ಹೋಗಿಲ್ಲ… ಸ್ವಲ್ಪ ಸಹಿಸಿಕೊಳ್ಳಿ.

ಅವತ್ತು ಅಡ್ಮಿಷನ್ ಪರೀಕ್ಷೆ. ಹಳಿಯಾಳದ ಕಡೆ ಕಾಡಂಚಿನಲ್ಲಿರುವ, ಆಫ್ರಿಕಾ ಮೂಲದ ಸಿದ್ದಿಗಳ ಪುಟ್ಟ ಊರಿನಿಂದ ಒಬ್ಬ ಹುಡುಗಿ ಬಂದಿದ್ದಳು. ಹೆಸರು ಆಗ್ನೇಸ್ ಸಿದ್ದಿ.

ಅವಳ ಗುಂಗುರು ಕೂದಲು, ಎತ್ತರದ ಮೈಕಟ್ಟು ನೋಡಿದ ಗೇಟಿನ ವಾಚ್‌ಮನ್ ಹಿಂದಿಯಲ್ಲಿ, "ಸ್ಪೋರ್ಟ್ಸ್ ಸೆಲೆಕ್ಷನ್ ಸ್ಟೇಡಿಯಂನಲ್ಲಿ" ಎಂದು ದಾರಿ ತೋರಿಸಿದ.

"ಅಣ್ಣಾರ, ನನಗ ಕನ್ನಡ ಬರ್ತೈತ್ರಿ. ನಾ ಓಡಾಕ ಬಂದಿಲ್ಲ… ಹೊಲಿಯಾಕ ಬಂದೇನಿ" ಎಂದು ಹೇಳಿ ಅವಳು ನೆಟ್ಟಗೆ ಒಳಗೆ ಬಂದಳು.

ಬುಡಕಟ್ಟಿನ ಮಕ್ಕಳಿಗೆ ಸ್ಕಾಲರ್‌ಶಿಪ್ ಇದ್ದದ್ದು ಒಂದೇ ಸೀಟಿಗೆ. ಅದು ತಪ್ಪಿದರೆ ಮರುವಾರವೇ ಗೋವಾದಲ್ಲಿ ಮನೆಗೆಲಸಕ್ಕೆ ಸೇರಬೇಕು ಎಂದು ಅರ್ಜಿಯಲ್ಲಿ ಬರೆದಿದ್ದಳು.

ಪರೀಕ್ಷೆ ಸುಲಭದ್ದೇ… ಹಳೇ ಬಟ್ಟೆಯ ಚೂರುಗಳಿಂದ ಟವೆಲ್ ಅಳತೆಯದೊಂದು ಕೆಲಸ ಮೂರು ಗಂಟೆಯಲ್ಲಿ ಮುಗಿಸಬೇಕು. ಮುಗಿಯದ ಕೆಲಸಕ್ಕೆ ಮಾರ್ಕ್ಸ್ ಇಲ್ಲ.

ಉಳಿದವರೆಲ್ಲ ಪೆನ್ಸಿಲ್ ಹಿಡಿದು ಡಿಸೈನ್ ಬರೆಯುತ್ತಾ ಕೂತರು. ಆಗ್ನೇಸ್ ನೇರವಾಗಿ ಸೂಜಿಗೆ ದಾರ ಪೋಣಿಸಿದಳು.

ಸಿದ್ದಿ ಹೆಂಗಸರು ಕೌದಿ, ಅಂದರೆ ಹಳೇ ಬಟ್ಟೆ ಜೋಡಿಸಿದ ಹೊದಿಕೆ, ಹೊಲಿಯುವುದೇ ಹಾಗೆ. ಅಂಚಿನಿಂದ ಶುರುಮಾಡಿ, ಸುತ್ತಿ ಸುತ್ತಿ ಒಳಗೆ ಬರುತ್ತಾರೆ… ನಡುಭಾಗ ತುಂಬುವುದು ಆಮೇಲೆ.

ಕೈ ಎಷ್ಟು ಚುರುಕಾಗಿ ಓಡುತ್ತಿತ್ತೆಂದರೆ ನಾನು ಅವಳ ಪಕ್ಕದಿಂದ ಕದಲಲಿಲ್ಲ. ಸೀಟು ಇವಳದೇ ಎಂದು ಮನಸ್ಸಿನಲ್ಲೇ ಬರೆದುಕೊಂಡೆ.

ಎರಡು ಗಂಟೆಯಾದಾಗ ಅವಳು ತಲೆ ಎತ್ತಿ ಗೋಡೆ ನೋಡಿದಳು. ಎದ್ದು ಹತ್ತಿರ ಹೋದಳು… ಮೂಗು ತಾಗುವಷ್ಟು ಬಗ್ಗಿ ನೋಡಿದಳು.

ಅಲ್ಲಿ ಗಾಜಿನ ಫ್ರೇಮಿನಲ್ಲಿ ಒಂದು ಕೌದಿ ಇತ್ತು. ಎಂಟು ವರ್ಷದಿಂದ ನಮ್ಮ ಕಾಲೇಜಿನ ಹೆಮ್ಮೆ ಅದು. ಕೆಳಗೆ ಬೋರ್ಡು: 'ಸಾಂಪ್ರದಾಯಿಕ ಕೌದಿ. ಕಲಾವಿದರು: ಅಜ್ಞಾತ.'

ವಾಪಸ್ ಬಂದವಳು ತನ್ನ ಕೆಲಸ ಪಕ್ಕಕ್ಕಿಟ್ಟಳು. ಬೇರೆ ಚೂರುಗಳನ್ನು ತ್ರಿಕೋನವಾಗಿ ಮಡಚಿ, ಒಂದರ ಮೇಲೊಂದು ಜೋಡಿಸಿ ಹೊಲಿಯತೊಡಗಿದಳು.

ನನಗೆ ಸಿಟ್ಟೇ ಬಂತು. "ಏ ಹುಡುಗಿ, ನಿನ್ನದು ನಡುವೆ ಖಾಲಿ ಇದೆ! ಮೊದಲು ಅದನ್ನು ಮುಗಿಸು" ಎಂದೆ.

"ಗೊತ್ತೈತ್ರಿ ಮೇಡಂ" ಎಂದಳು. ಸೂಜಿ ನಿಲ್ಲಲಿಲ್ಲ.

ಬೆಲ್ ಹೊಡೆಯಿತು. ಅವಳ ಕೌದಿಯ ನಡುವೆ ಅಂಗೈ ಅಗಲದ ಜಾಗ ಖಾಲಿ… ಪಕ್ಕದಲ್ಲಿ ಬಟ್ಟೆಯ ನಾಲ್ಕು ಹೂವು.

ಪ್ರಿನ್ಸಿಪಾಲರು, "ಕೆಲಸ ಮುಗಿದಿಲ್ಲ. ಮಾರ್ಕ್ಸ್ ಕೊಡೋಕೆ ಬರಲ್ಲಮ್ಮ" ಎಂದರು.

ಅವಳು ಅಳಲಿಲ್ಲ. ಗೋಡೆಯ ಕಡೆ ಕೈ ಮಾಡಿ ಹೇಳಿದಳು…

"ಸರ್, ಆ ಕೌದಿ ನಮ್ಮಜ್ಜಿ ಹೊಲಿದದ್ದು. ಆ ನೀಲಿ ತುಂಡು ನಾ ಎರಡನೇ ಕ್ಲಾಸಿನ್ಯಾಗ ಇದ್ದಾಗಿನ ಯುನಿಫಾರ್ಮ್ ಲಂಗ. ಮಸಿ ಕಲೆ ಇನ್ನೂ ಐತಿ ನೋಡ್ರಿ."

"ನಾಕೂ ಮೂಲಿಗೆ ಹೂವು ಇಡದ ಕೌದಿ ಬತ್ತಲೆ ಅಂತಾರ್ರಿ ನಮ್ಮಲ್ಲಿ. ಹಂಗ ಯಾರಿಗೂ ಕೊಡೂದಿಲ್ಲ. ಅಜ್ಜಿ ಇಟ್ಟೇ ಕೊಟ್ಟಿದ್ಲು… ಯಾರೋ ಕತ್ತರಿಸ್ಯಾರ."

"ಅಜ್ಜಿ ಈಗ ಇಲ್ರಿ. ಇವತ್ತ ನಾ ಫೇಲಾದ್ರ ಈ ಬಾಗಿಲಾಗ ಮತ್ತ ಯಾವಾಗ ಬರ್ತೇನೋ ಗೊತ್ತಿಲ್ಲ. ಅದಕ್ಕ ಮೊದಲ ಅಕಿ ಕೆಲಸ ಮುಗಿಸಿದೆ. ನನ್ನದು ಹೆಂಗಾರ ಮಾಡಿ ಮುಗಿಸ್ತೇನಿ… ಬಿಡೂದಿಲ್ಲ."

ಎಲ್ಲರೂ ಗೋಡೆಯ ಕಡೆ ತಿರುಗಿದರು. ನಾನು ಮಾತ್ರ ಅತ್ತ ನೋಡಲಿಲ್ಲ.

ಯಾಕೆಂದರೆ ಆ ಕತ್ತರಿ ಹಿಡಿದ ಕೈ ನನ್ನದೇ…

ಎಂಟು ವರ್ಷದ ಹಿಂದೆ ಕೌದಿಯನ್ನು ಕಾಲೇಜಿಗೆ ಕೊಂಡು ತಂದಾಗ ಆ ಹೂವುಗಳು ಅಂಚು ದಾಟಿ ಚಾಚಿದ್ದವು, ಫ್ರೇಮಿನೊಳಗೆ ಕೂರುತ್ತಿರಲಿಲ್ಲ. ಫ್ರೇಮ್ ದೊಡ್ಡದು ಮಾಡಿಸುವ ಬದಲು ನಾನು ಕಚಕ್ ಎಂದು ಕತ್ತರಿಸಿಬಿಟ್ಟಿದ್ದೆ. ಹೊಲಿದವರ ಹೆಸರನ್ನೂ ಕೇಳಿರಲಿಲ್ಲ.

ಎಲ್ಲರ ಎದುರೇ ಎದ್ದು ನಿಂತು ಒಪ್ಪಿಕೊಂಡೆ. ಮಕ್ಕಳ ಮುಂದೆ ನನ್ನ ಕಣ್ಣಲ್ಲಿ ನೀರು ಬಂದದ್ದು ಅದೇ ಮೊದಲು.

ಆಮೇಲೆ ಪ್ರಿನ್ಸಿಪಾಲರಿಗೆ ಹೇಳಿದೆ… "ಸರ್, ಅಪೂರ್ಣ ಕೆಲಸಕ್ಕೆ ಬೆಲೆ ಇಲ್ಲ ಅಂದರೆ ಮೊದಲು ಗೋಡೆ ಮೇಲಿರೋದನ್ನ ಇಳಿಸಿ. ಎಂಟು ವರ್ಷ ಅದನ್ನೇ ತೋರಿಸಿ ನಾವು ಮೆರೆದಿದ್ದೇವೆ. ಅದನ್ನ ಪೂರ್ತಿ ಮಾಡಿದ್ದು ಈ ಹುಡುಗಿ."

ಅವರು ತುಂಬಾ ಹೊತ್ತು ಅವಳ ಹೊಲಿಗೆಯನ್ನೇ ನೋಡಿದರು. ಕೊನೆಗೆ ಲಿಸ್ಟಿನಲ್ಲಿ ತಾವೇ ಹೆಸರು ಬರೆದರು… ಆಗ್ನೇಸ್ ಸಿದ್ದಿ.

ಅವತ್ತೇ ಫ್ರೇಮ್ ಬಿಚ್ಚಿದೆವು. ಅವಳು ನೆಲದ ಮೇಲೆ ಕೂತು ನಾಲ್ಕು ಮೂಲೆಗೂ ಹೂವು ಹೊಲಿದಳು. ಬೋರ್ಡಿನಲ್ಲಿ 'ಅಜ್ಞಾತ' ಹೋಗಿ ಅವಳಜ್ಜಿಯ ಹೆಸರು 'ಕತ್ರೀನಾ ಸಿದ್ದಿ' ಬಂತು.

ನಾಲ್ಕು ವರ್ಷದ ಮೇಲೆ ಡಿಗ್ರಿ ಮುಗಿದ ದಿನ ಆಗ್ನೇಸ್ ನನ್ನ ಮನೆಗೆ ಬಂದಳು. ಕೈಯಲ್ಲಿ ಅದೇ ಪರೀಕ್ಷೆಯ ಕೌದಿ… ನಡುಭಾಗ ಇನ್ನೂ ಖಾಲಿ!

"ಇದನ್ನ ಯಾಕಮ್ಮ ಇನ್ನೂ ಮುಗಿಸಿಲ್ಲ?" ಎಂದು ಗದರಿದೆ.

ಅವಳು ನಕ್ಕಳು. "ಕೌದಿಗೆ ಮನಿ ಮಂದಿ ಉಟ್ಟ ಬಟ್ಟೀನ ಹಾಕ್ತೇವ್ರಿ ನಾವು… ಮೇಡಂ, ನಿಮ್ಮ ಹಳೇ ಸೀರಿದೊಂದು ತುಂಡು ಕೊಡ್ತೀರೇನ್ರಿ?"

ಕತ್ತರಿ ತಂದು ಅವಳ ಕೈಗೇ ಕೊಟ್ಟೆ…

ಯಾರ ಕಲೆಯನ್ನು ಗೋಡೆಗೆ ಹಾಕುತ್ತೇವೋ, ಅವರ ಮಕ್ಕಳಿಗೆ ಒಳಗೊಂದು ಕುರ್ಚಿಯನ್ನೂ ಹಾಕಬೇಕು.

ನಿಮ್ಮ ಮನೆಯಲ್ಲೋ ಆಫೀಸಿನಲ್ಲೋ ಇಂಥದ್ದೊಂದು ಕೆಲಸ ಚಂದಕ್ಕೆಂದು ತೂಗುತ್ತಿರಬಹುದು… ಅದನ್ನು ಮಾಡಿದವರ ಹೆಸರು ನಿಮಗೆ ಗೊತ್ತಾ?