ಚಿಪ್ಪಿನ ನಕ್ಷತ್ರ

ಕಿಟಕಿಯಲ್ಲಿ ನಕ್ಷತ್ರವಿರಲಿಲ್ಲ. ಬಾಡಿಗೆ ಗಾಡಿಯಿಂದ ಇಳಿದ ಎಲ್ಪಿಡಿಯೊ ಪೆಟ್ಟಿಗೆಯನ್ನು ಅಲ್ಲೇ ಕೆಳಗಿಟ್ಟು, ಕಣ್ಣುಜ್ಜಿಕೊಂಡು, ಇನ್ನೊಮ್ಮೆ ನೋಡಿದ.

ಹಡಗಿನ ಕೆಲಸಕ್ಕೆ ಸೇರಿದಂದಿನಿಂದ ಅವನ ಮನೆಗೆ ಕ್ರಿಸ್‌ಮಸ್ ಬರುತ್ತಿದ್ದುದು ಕ್ಯಾಲೆಂಡರ್ ನೋಡಿಕೊಂಡಲ್ಲ, ಅವನನ್ನು ನೋಡಿಕೊಂಡು. ಒಮ್ಮೆ ಮಾರ್ಚಿನಲ್ಲಿ, ಒಮ್ಮೆ ಆಗಸ್ಟಿನಲ್ಲಿ, ಈಗ ಜೂನಿನಲ್ಲಿ. ಡಿಸೆಂಬರಿನಲ್ಲಿ ಇಲೊಯಿಲೊ ಪಟ್ಟಣದ ಆ ಓಣಿಯ ಮನೆಮನೆಯಲ್ಲೂ ನಕ್ಷತ್ರ ಬೆಳಗುವಾಗ ಅವನ ಮನೆಯ ಕಿಟಕಿಯೊಂದೇ ಕತ್ತಲು. ಅವನು ಬರುವ ದಿನ ಹೆಂಡತಿ ರೊಸಾಲ್ ಕಡಲ ಚಿಪ್ಪಿನ ನಕ್ಷತ್ರವನ್ನು ತೂಗುಹಾಕಿ ದೀಪ ಹಾಕುವಳು. ಓಣಿಯವರು ಅದನ್ನು ಕಂಡು, ‘ಓ, ಹಡಗಿನವ ಬಂದ’ ಎನ್ನುತ್ತ ಒಳಬಂದು ಅಕ್ಕಿ ರೊಟ್ಟಿ ತಿಂದು ಹೋಗುವರು. ಈ ಸಲ ಅವನು ತಂದಿದ್ದ ಉಡುಗೊರೆ ಪೆಟ್ಟಿಗೆಯಲ್ಲಿರಲಿಲ್ಲ, ನಾಲಿಗೆಯ ಮೇಲಿತ್ತು. ಕಂಪನಿ ಕೊಡುತ್ತೇನೆಂದ ಮುಖ್ಯ ಎಂಜಿನಿಯರನ ಹುದ್ದೆ ಬೇಡ, ಬದಲಿಗೆ ಡಿಸೆಂಬರಿನ ರಜೆ ಕೊಡಿ ಎಂದು ಹೇಳಿ ಬಂದಿದ್ದ. ಬರುವ ಡಿಸೆಂಬರಿಗೆ ನಾನು ಮನೆಯಲ್ಲೇ ಇರುತ್ತೇನೆ ಎಂಬ ಮಾತನ್ನು ನಕ್ಷತ್ರದ ಕೆಳಗೆ ನಿಂತು ಹೇಳಬೇಕೆಂದು ದಾರಿಯುದ್ದಕ್ಕೂ ಜಪಮಣಿ ಎಣಿಸಿದಂತೆ ಎಣಿಸಿಕೊಂಡೇ ಬಂದಿದ್ದ.

ಮಗಳು ಜೋವಿ ಬಾಗಿಲಿಗೆ ಬಂದು ಆಶೀರ್ವಾದಕ್ಕೆಂದು ಅವನ ಕೈಯನ್ನು ಹಣೆಗೊತ್ತಿಕೊಂಡಳು. ರೊಸಾಲ್ ಅಡುಗೆಮನೆಯಿಂದಲೇ ಕೇಳಿದಳು. “ಊಟ ಮಾಡ್ತೀಯಾ, ಮೊದ್ಲು ಮಲಗ್ತೀಯಾ?”

“ನಕ್ಷತ್ರ ಎಲ್ಲಿ?”

“ಅಟ್ಟದ ಮೇಲಿದೆ. ಡಿಸೆಂಬರಲ್ಲೇ ಹಾಕಿದ್ವಿ.”

“ಡಿಸೆಂಬರಲ್ಲಾ? ಆಗ ನಾನು...”

“ನೀನಿರ್ಲಿಲ್ಲ. ಗೊತ್ತು.” ರೊಸಾಲ್ ಕೈಯೊರೆಸಿಕೊಳ್ಳುತ್ತ ಹೊರಬಂದಳು. “ನಿಮ್ಮನೆ ಏಸು ಏನು ಹಡಗಲ್ಲಿ ಬರ್ತಾನಾ ಅಂತ ಸ್ಕೂಲಲ್ಲಿ ಇವಳನ್ನ ಆಡ್ಕೋತಾರೆ. ಓಣಿಯೆಲ್ಲ ಬೆಳಕಿರುವಾಗ ಮಗೂನ ಇನ್ನೆಷ್ಟು ವರ್ಷ ಕತ್ತಲಲ್ಲಿ ಕೂರಿಸ್ಲಿ, ಹೇಳು.”

ಎಲ್ಪಿಡಿಯೊ ಪೆಟ್ಟಿಗೆಯನ್ನು ಒಳಗೆಳೆದುಕೊಂಡ. ಜೋವಿಗೆ ಮಾತ್ರ ಈಗ ಹುರುಪು ಬಂತು. “ದೀಪ ಹಾಕಿದ್ದೇ ತಡ, ಎಲ್ರೂ ಬಂದ್ರು ಅಪ್ಪ! ಅಪ್ಪ ಬಂದ್ರಾ, ಅಪ್ಪ ಬಂದ್ರಾ ಅಂತ. ಮೊದಲನೇ ದಿನ ಇಲ್ಲ ಅಂದೆ. ಅಯ್ಯೋ ಪಾಪ ಅಂತ ತಲೆ ಸವರಿದ್ರು. ನಂಗೆ ಇಷ್ಟ ಆಗ್ಲಿಲ್ಲ. ಮಾರನೇ ದಿನ ಏನಂದೆ ಗೊತ್ತಾ? ರಾತ್ರಿ ಬಂದ್ರು, ಮಲಗಿದಾರೆ ಅಂದೆ. ನಿನ್ನ ಹಳೇ ಚಪ್ಪಲೀನೂ ಬಾಗಿಲಲ್ಲಿ ಇಟ್ಟಿದ್ದೆ.”

“ನಂಬಿದ್ರಾ?”

“ಯಾಕೆ ನಂಬಲ್ಲ?” ಎಂದಳು ರೊಸಾಲ್. ದನಿಯಲ್ಲಿ ಕೊಂಕಿರಲಿಲ್ಲ. “ನೀನು ಬಂದಾಗಲೂ ಹಗಲೆಲ್ಲ ಮಲಗೇ ಇರ್ತೀಯಲ್ಲ. ಮೊದ್ಲು ಇವಳನ್ನ ಬೈದೆ. ಆಮೇಲೆ ನಾನೂ ಅದನ್ನೇ ಹೇಳಿದೆ. ಹೊಸ ವರ್ಷ ಕಳೀತು, ನಕ್ಷತ್ರ ಇಳಿಸಿದ್ವಿ, ಹಡಗಿಗೆ ಹೋದ ಅಂದ್ವಿ. ಯಾರೂ ಮರುಮಾತು ಕೇಳ್ಲಿಲ್ಲ. ಎದುರುಮನೆ ನೆನಿತಜ್ಜಿಯಂತೂ, ಈ ಸಲ ಪುಣ್ಯಾತ್ಮ ಕಣ್ತುಂಬ ನಿದ್ದೆ ಮಾಡಿದ ಅಂತ ಖುಷಿಪಟ್ಳು.”

ಎಲ್ಪಿಡಿಯೊ ತಾನೇ ಅಟ್ಟ ಹತ್ತಿ ನಕ್ಷತ್ರ ಇಳಿಸಿದ. ಒಂದು ಮೂಲೆಯ ಚಿಪ್ಪು ಮುಕ್ಕಾಗಿತ್ತು. ಅಂಗಿಯ ತುದಿಯಿಂದ ಒಂದೊಂದೇ ಚಿಪ್ಪಿನ ಧೂಳೊರೆಸಿ, ಕಿಟಕಿಗೆ ತೂಗುಹಾಕಿ, ತಂತಿ ಜೋಡಿಸತೊಡಗಿದ. ಇಗರ್ಜಿಯಲ್ಲಿ ಸಂಜೆಯ ಗಂಟೆಯಾಯಿತು. ರೊಸಾಲ್ ನಿಂತಲ್ಲೇ ಶಿಲುಬೆಯ ಗುರುತು ಹಾಕಿಕೊಂಡಳು.

“ಬರೋ ಡಿಸೆಂಬರಲ್ಲಿ ನಾನಿರ್ತೀನಿ,” ಎಂದ, ತಿರುಗಿ ನೋಡದೆ. “ದೊಡ್ಡ ಹುದ್ದೆ ಬೇಡ ಅಂತ ಹೇಳ್ಬಂದೆ.”

 ಜೋವಿ ಹತ್ತಿರ ಬಂದು, ದೊಡ್ಡವರು ಚಿಕ್ಕವರನ್ನು ಸಮಾಧಾನ ಮಾಡುವ ಹಾಗೆ ಅವನ ತೋಳು ತಟ್ಟಿದಳು. “ಆಗ್ದಿದ್ರೆ ಬಿಡು ಅಪ್ಪ. ನಮಗೀಗ ಅಭ್ಯಾಸ ಆಗಿದೆ.”

ದೀಪ ಹತ್ತಿತು. ನಕ್ಷತ್ರದ ಬಣ್ಣ ಪರದೆಯ ಮೇಲೆಲ್ಲ ಹರಡಿತು. ಅಷ್ಟರಲ್ಲೇ ಕೆಳಗೆ ಗೇಟಿನ ಬಳಿ ನೆನಿತಜ್ಜಿಯ ಗಂಟಲು ಕೇಳಿಸಿತು. “ಏ ಜೋವೀ, ಜೂನಲ್ಲಿ ನಕ್ಷತ್ರ ಹಾಕಿದೀರಲ್ಲೇ! ಮತ್ತೆ ಬಂದ್ನೇನೇ ನಿಮ್ಮಪ್ಪ?”

ಜೋವಿ ಕಿಟಕಿಗೆ ಓಡಿದಳು. ಪರದೆಯ ಅಂಚು ಸರಿಸಿ ಕತ್ತು ಹೊರಹಾಕುವ ಮೊದಲೇ ಬಾಯಿ ತಾನಾಗಿ ಹೇಳಿಬಿಟ್ಟಿತು. “ಹೂಂ ಅಜ್ಜಿ, ಬಂದಿದಾರೆ. ಮಲಗಿದಾರೆ.”

ಆಮೇಲೆ ನಾಲಿಗೆ ಕಚ್ಚಿಕೊಂಡು ಹಿಂತಿರುಗಿ ನೋಡಿದಳು. ಎಲ್ಪಿಡಿಯೊ ಅಲ್ಲೇ, ಅವಳ ಬೆನ್ನ ಹಿಂದೆಯೇ, ಕೈಯಲ್ಲಿ ತಂತಿಯ ತುಂಡು ಹಿಡಿದು ನಿಂತಿದ್ದ. ಅವನು ತುಟಿಯ ಮೇಲೆ ಬೆರಳಿಟ್ಟು, ಸರಿಯೆಂಬಂತೆ ತಲೆಯಾಡಿಸಿದ. ತನ್ನ ನೆರಳು ಪರದೆಯ ಮೇಲೆ ಬೀಳದ ಹಾಗೆ ಸದ್ದಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದ.